ಮೂವತ್ತೊಂದನೇ ಪುಟಕ್ಕೆ ಹೋಗು

ಬಲಗೈಯ ಐದು ಬೆರಳೂ ಐದು ಪುಟಗಳ ನಡುವೆ ಸಿಕ್ಕಿಕೊಂಡಿದ್ದವು. ಆರನೆಯ ಪುಟಕ್ಕೆ ಬೆರಳು ಸಾಲದೆ ಪ್ರಕಾಶಕರ ಕಚೇರಿಯ ಮೂಲೆಯಲ್ಲಿ ಕೂತಿದ್ದ ಹುಡುಗಿ ಗದ್ದವನ್ನೇ ಒತ್ತಿಟ್ಟು, ತಲೆ ಎತ್ತದೆ ಕೂಗಿದಳು.

"ಚಿಕ್ಕಮ್ಮಾ, ದೋಣಿ ಹತ್ತಿದೆ. ಕರಡಿ ತಿಂದುಬಿಡ್ತು."

"ದೋಣೀಲಿ ಕರಡಿ ಎಲ್ಲಿಂದ ಬರುತ್ತೆ? ಸರಿಯಾಗಿ ಓದು."

"ಓದಿದೆ. 'ದೋಣಿ ಹತ್ತುವುದಾದರೆ 45ನೇ ಪುಟಕ್ಕೆ ಹೋಗು.' ಹೋದೆ. ಕರಡಿ."

ಚಿಕ್ಕಮ್ಮ ಧಡಕ್ಕನೆ ಎದ್ದು ಬಂದಳು. ಪುಸ್ತಕ ಬರೆದವಳು ಅವಳೇ. ಮೊದಲನೇ ಪುಸ್ತಕ. ಎರಡು ವರ್ಷ ಅಡುಗೆಮನೆ ಗೋಡೆ ತುಂಬ ಚೀಟಿ ಅಂಟಿಸಿ, ಚೀಟಿಯಿಂದ ಚೀಟಿಗೆ ದಾರ ಎಳೆದು ಕಟ್ಟಿದ ಕಥೆ. ಓದುವ ಮಗುವೇ ಇಲ್ಲಿ ನಾಯಕ. ಕವಲು ಬಂದಲ್ಲೆಲ್ಲ ದಾರಿಯನ್ನು ತಾನೇ ಆರಿಸಿ, ಹೇಳಿದ ಪುಟಕ್ಕೆ ಹಾರಬೇಕು. ಬೇರೆ ಯಾವ ಪುಸ್ತಕ ಕೊಟ್ಟರೂ ಎರಡನೇ ಪುಟಕ್ಕೆ ಆಕಳಿಸುವ ಅಕ್ಕನ ಮಗಳು ಇದನ್ನು ಬೆಳಗಿನಿಂದ ಕೆಳಗಿಟ್ಟಿರಲಿಲ್ಲ. ಅದೇನೋ ಸಂತೋಷವೇ. ಆದರೆ ಕಳ್ಳಿ, ಸತ್ತ ಕೂಡಲೇ ಬೆರಳಿಟ್ಟ ಪುಟಕ್ಕೆ ಓಡಿಬಂದು ಬದುಕಿಕೊಳ್ಳುತ್ತಿದ್ದಳು. ಅಷ್ಟು ಮನಸ್ಸಿಟ್ಟು ಬರೆದ ಹದಿನಾಲ್ಕು ಸಾವುಗಳಿಗೆ ಒಂದು ಹನಿ ಕಣ್ಣೀರಿಲ್ಲ!

"ಕೊಡಿಲ್ಲಿ," ಎಂದು ಚಿಕ್ಕಮ್ಮ ಮಾದರಿ ಪ್ರತಿಯನ್ನು ಕಿತ್ತುಕೊಂಡಳು. ಮೂವತ್ತನೇ ಪುಟದವರೆಗೆ ಎಲ್ಲ ನೆಟ್ಟಗಿತ್ತು. ಮೂವತ್ತೊಂದರಲ್ಲಿ ಅವಳು ಬರೆದದ್ದು ಏನೂ ಇರಲಿಲ್ಲ. ಪುಟದ ತುಂಬ ಗುಹೆಯ ಬಾಯಿ. ತಿರುಗಿಸಿದರೆ ಮೂವತ್ತೆರಡರಲ್ಲಿ ಒಳಗಿನ ಕತ್ತಲೆ. ಅಲ್ಲಿಂದಾಚೆ ಎಲ್ಲವೂ ಎರಡೆರಡು ಪುಟ ಮುಂದಕ್ಕೆ ಜರುಗಿತ್ತು.

ಪುಟ ಜೋಡಿಸುವವನನ್ನು ಆ ಕಚೇರಿಯಲ್ಲಿ ಎಲ್ಲರೂ ಸ್ಕೇಲು ಅಂತಲೇ ಕರೆಯುತ್ತಿದ್ದರು. ಕಿವಿಯ ಹಿಂದೆ ಪೆನ್ಸಿಲ್ ಇಡುವಂತೆ ಅವನು ಸ್ಕೇಲು ಸಿಕ್ಕಿಸಿಕೊಳ್ಳುತ್ತಿದ್ದ. ಕರೆದ ಕೂಡಲೇ ನಗುನಗುತ್ತ ಬಂದ.

"ಚಿತ್ರ ಹೇಗಿದೆ ಮೇಡಂ? ಆ ಭಾಗ ತೀರಾ ಬೋಳು ಬೋಳಾಗಿತ್ತು, ಕಣ್ಣಿಗೆ ಹಿಡಿಸ್ಲಿಲ್ಲ. ನಾನೇ ಒಂದು ಹಾಳೆ ಸೇರಿಸಿದೆ."

"ಇದು ಪುಟ ಎಣಿಸಿ ಓದೋ ಪುಸ್ತಕ ಕಣಪ್ಪಾ!"

"ಎಣಿಸಿದೀನಲ್ಲ. ನಂಬರ್ ಒಂದೂ ತಪ್ಪಿಲ್ಲ, ನೋಡಿ. ಮೂವತ್ತೊಂದು, ಮೂವತ್ತೆರಡು, ಮೂವತ್ಮೂರು..."

ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಆದರೆ ಗೋಡೆಯ ಬದಿಗೆ ಜಾಗವೇ ಇರಲಿಲ್ಲ. ಮೊದಲ ಮೂವತ್ತೆರಡು ಪುಟ ಒಂದೇ ದೊಡ್ಡ ಕಾಗದದಲ್ಲಿ ಅಚ್ಚಾಗುತ್ತವೆ. ಮೂರು ಸಾವಿರ ಪ್ರತಿಯ ಕಾಗದ ಆಗಲೇ ಅಚ್ಚಾಗಿ, ಒಣಗಿ, ಮಡಿಕೆಯಾಗಿ, ಸೊಂಟದೆತ್ತರ ಪೇರಿಕೊಂಡು ಕೂತಿತ್ತು. ಪ್ರತಿಯೊಂದರಲ್ಲೂ ಗುಹೆ. ಮೂವತ್ಮೂರರಿಂದಾಚಿನ ಪುಟಗಳಷ್ಟೇ ಇನ್ನೂ ಅಚ್ಚಾಗಬೇಕಿತ್ತು.

ಗಲಾಟೆ ಕೇಳಿ ಪ್ರಕಾಶಕರು ಒಳಕೋಣೆಯಿಂದ ಬಂದರು. ಮಾದರಿ ಪ್ರತಿಯನ್ನು ಹಿಂದೆ ಮುಂದೆ ತಿರುವಿದರು. ಇದ್ದಕ್ಕಿದ್ದಂತೆ ಅವರ ಮುಖ ಅರಳಿತು.

"ಅಯ್ಯೋ, ಇಷ್ಟೇನಾ! ನಿಮ್ಮ ಹಳೇ ಮೂವತ್ತೊಂದು, ಮೂವತ್ತೆರಡು ತೆಗೆದುಹಾಕಿ. ಮೂವತ್ಮೂರರಿಂದ ಎಲ್ಲ ಟಕ್ಕಂತ ತಮ್ಮ ತಮ್ಮ ಜಾಗಕ್ಕೆ ಕೂರುತ್ತೆ. ಏನಿತ್ತು ಆ ಪುಟದಲ್ಲಿ?"

"ಮನೆ," ಎಂದಳು ಚಿಕ್ಕಮ್ಮ.

ಹನ್ನೆರಡನೇ ಪುಟದಲ್ಲಿ ಪುಸ್ತಕ ಕೇಳುತ್ತದೆ: ಗುಹೆಯೊಳಗೆ ಹೋಗುವೆಯಾ? ಹೌದಾದರೆ 33. ಬೇಡ, ಮನೆಗೆ ಹೋಗುತ್ತೇನೆ ಎಂದರೆ 31. ಮೂವತ್ತೊಂದರಲ್ಲಿ ಮಗು ಬಂದ ದಾರಿಯಲ್ಲೇ ವಾಪಸು ನಡೆದು, ಬಾಗಿಲಲ್ಲಿ ಒದ್ದೆ ಬೂಟು ಬಿಚ್ಚಿಟ್ಟು, ಬೆಚ್ಚಗೆ ಕೂತು ಗುಹೆಯ ನಕ್ಷೆ ಬರೆಯುತ್ತದೆ. ಯಾರೂ ಅದನ್ನು ಹೇಡಿ ಅನ್ನುವುದಿಲ್ಲ. ಕಥೆ ಅಲ್ಲಿಗೆ ಮುಗಿಯುತ್ತದೆ.

"ಅದನ್ನ ತೆಗೆದ್ರೆ ಪುಸ್ತಕವೇ ಸುಳ್ಳಾಗುತ್ತೆ. ಉಳಿದ ಕವಲುಗಳಲ್ಲಿ ಎಡಕ್ಕೆ ಹೋದ್ರೂ ಬಲಕ್ಕೆ ಹೋದ್ರೂ ನಾಲ್ಕು ಪುಟದಾಚೆ ಅದೇ ಸೇತುವೆ. ಬೇರೆ ಮಾಡೋಕಾಗಲ್ಲ, ಇಲ್ಲಾಂದ್ರೆ ಸಾವಿರ ಪುಟ ಆಗುತ್ತೆ. ನಿಜವಾಗಿ ಮಗು ಆರಿಸೋದು ಅದೊಂದನ್ನೇ."

"ನೋಡಿ ತಾಯಿ, ಸಾಹಸದ ಪುಸ್ತಕ ಹಿಡ್ಕೊಂಡು ಯಾವ ಮಗು ಮನೆಗೆ ಹೋಗ್ತೀನಿ ಅನ್ನುತ್ತೆ?"

"ನಾನು," ಎಂದಳು ಹುಡುಗಿ.

ಎಲ್ಲರೂ ತಿರುಗಿ ನೋಡಿದರು.

"ಮೊದಲ ಸಲ ನಾನು ಬೇಡ ಅಂತಾನೇ ಅಂದಿದ್ದು, ಅಂಕಲ್. ಆದ್ರೂ ಗುಹೆ ಬಂತು. ನಾನೇ ಏನೋ ತಪ್ಪು ಮಾಡ್ದೆ ಅಂದ್ಕೊಂಡು ಒಳಗೆ ಹೋದೆ."

ಪ್ರಕಾಶಕರು ಎರಡು ಸಲ ಕೆಮ್ಮಿದರು. "ಚಿತ್ರ ಚೆನ್ನಾಗಿದೆ ತಾನೇ, ಮರಿ?"

"ಚೆನ್ನಾಗಿದೆ."

"ನೋಡಿದ್ರಾ?" ಎಂದು ಸ್ಕೇಲು ಕಿವಿಯ ಹಿಂದಿನ ಸ್ಕೇಲನ್ನು ಸರಿಮಾಡಿಕೊಂಡ.

"ನೀನು ಸುಮ್ನಿರೋ, ಪುಣ್ಯಾತ್ಮ," ಎಂದು ಗದರಿ ಪ್ರಕಾಶಕರು ಕುರ್ಚಿ ಎಳೆದು ಕೂತರು. "ಆ ಕಾಗದ ಮತ್ತೆ ತರಿಸೋಕೆ ಮೂರು ತಿಂಗಳು. ಅಲ್ಲೀತನಕ ಈ ಪುಸ್ತಕಕ್ಕೆ ಯಂತ್ರ ಕಾಯಲ್ಲ, ನಾನೂ ಕಾಯಲ್ಲ. ಇವತ್ತು ಆದ್ರೆ ಆಯ್ತು, ಇಲ್ಲಾಂದ್ರೆ ಕಟ್ಟಿಟ್ಟುಬಿಡ್ತೀನಿ. ನಿಮ್ಮಿಂದ ನಂಗೆ ಬೇಕಿರೋದು ಒಂದೇ ಒಂದು ಸಾಲು. ಮೂವತ್ಮೂರನೇ ಪುಟದ ನೆತ್ತಿ ಮೇಲೆ. 'ಮನೆಗೆ ಹೋಗೋಣ ಅಂದುಕೊಂಡರೂ ನಿನ್ನ ಕಾಲುಗಳು ಗುಹೆಯೊಳಗೇ ನಡೆದವು.' ಅಷ್ಟೇ. ಸಂಜೆಗೆ ಅಚ್ಚಿಗೆ ಹೋಗುತ್ತೆ. ಮುಂದಿನ ಪುಸ್ತಕವೂ ನಿಮ್ಮದೇ."

ಮೇಜಿನ ಮೇಲೆ ಹಾಳೆ ಸರಿಸಿದರು. ಅದರ ಮೇಲೆ ಪೆನ್ನಿಟ್ಟರು, ಕ್ಯಾಪು ಬಿಚ್ಚಿಯೇ.

ಚಿಕ್ಕಮ್ಮ ಪೆನ್ನು ತೆಗೆದುಕೊಂಡಳು. ಎರಡು ವರ್ಷ. ಈಗಲೂ ಅಡುಗೆಮನೆ ಗೋಡೆಯಲ್ಲಿ ಅಂಟಿನ ಕಲೆಗಳಿವೆ. ಒಂದು ಸಾಲು ಎಷ್ಟು ಹೊತ್ತಿನ ಕೆಲಸ? 'ಮನೆಗೆ' ಎಂದು ಬರೆದೂಬಿಟ್ಟಳು.

ಹುಡುಗಿ ಮೇಜಿನ ಅಂಚಿಗೆ ಗದ್ದವಿಟ್ಟು ಅದನ್ನೇ ನೋಡುತ್ತಿದ್ದಳು. "ಚಿಕ್ಕಮ್ಮಾ, ಹಾಗಾದ್ರೆ ಬೇಡ ಅಂದವರು ಎಲ್ಲಿಗೆ ಹೋಗ್ಬೇಕು?"

ಪೆನ್ನು ನಿಂತಿತು.

"ಬರೀರಿ, ಬರೀರಿ," ಎಂದರು ಪ್ರಕಾಶಕರು. "ಯಂತ್ರದವರು ಕಾಯ್ತಿದಾರೆ."

ಚಿಕ್ಕಮ್ಮ ಪೆನ್ನಿಗೆ ಕ್ಯಾಪು ಹಾಕಿ ಅವರ ಕಡೆಗೆ ತಳ್ಳಿದಳು.

"ಬರೆಯಲ್ಲ."