ಹಳ್ಳದ ಜ್ವರ ನೋಡಿದವನು

ನಾನು ಒಂದು ಉಷ್ಣಮಾಪಕ. ಮೈಯೆಲ್ಲ ಗಾಜು, ಹೊಟ್ಟೆಯಲ್ಲಿ ಕೆಂಪು ಬಣ್ಣದ ಮದ್ಯಸಾರ. ಹಾಗೆಂದು ಕುಡಿದವನ ಮಾತೆಂದು ತಳ್ಳಿಹಾಕಬೇಡಿ, ಹೇಳುವುದೆಲ್ಲ ನಡೆದದ್ದೇ. ಕಾರ್ಖಾನೆಯಲ್ಲಿ ನನ್ನನ್ನು ಮಂಜುಗಡ್ಡೆಗೂ ಬಿಸಿನೀರಿಗೂ ಅದ್ದಿ ಮೈತುಂಬ ಗೆರೆ ಎಳೆದರು.

ಆಮೇಲೆ ದಾರ ಕಟ್ಟಿ ಸಕಲೇಶಪುರದ ಕಡೆಯ ಒಂದು ಹಳ್ಳಕ್ಕೆ ಇಳಿಬಿಟ್ಟವನು ಮೀನುಗಾವಲಿನ ಮಂಚಯ್ಯ. ಅಲ್ಲಿನ ಮಡುವಿನಲ್ಲಿ ಅವನೇ ತಂದು ಬಿಟ್ಟ ಮಹಶೀರ್ ಮೀನಿನ ಮರಿಗಳಿದ್ದವು. ತಣ್ಣೀರಿನ ಜೀವಗಳು, ನೀರು ಮೂವತ್ತು ಡಿಗ್ರಿ ದಾಟಿದರೆ ಅವಕ್ಕೆ ಉಸಿರು ಕಟ್ಟುತ್ತಿತ್ತು. ಬೇಸಿಗೆಯಲ್ಲಿ ಕಾಫಿ ಹೂ ಅರಳಲೆಂದು ಮೇಲಿನ ತೋಟದವರು ಹಳ್ಳಕ್ಕೇ ಪಂಪು ಇಡುತ್ತಿದ್ದರು. ಮಡು ಇಳಿದಷ್ಟೂ ಉಳಿದ ನೀರು ಬೇಗ ಕಾಯುತ್ತಿತ್ತು. ನೀರು ಕಾದರೆ ಮಂಚಯ್ಯ ಚೀಟಿ ಬರೆಯಬೇಕು, ಪಂಪು ನಿಲ್ಲಬೇಕು. ಅದು ಒಪ್ಪಂದ.

ಆದರೆ ಮಂಚಯ್ಯ ನನಗಿಂತ ತನ್ನ ಕಾಲನ್ನೇ ನಂಬುತ್ತಿದ್ದ. ದಿನಾ ಅದೇ ಕಲ್ಲಿನ ಮೇಲೆ ಕೂತು ಪಾದ ಇಳಿಬಿಟ್ಟು, "ಕಾಲು ತಣ್ಣಗೈತೆ, ಮರಿ ಚೆನ್ನಾಗವೆ" ಅನ್ನುತ್ತಿದ್ದ. ಆ ಕಲ್ಲಿನಡಿ ಒರತೆಯಿತ್ತು. ಮಡುವೆಲ್ಲ ಕುದಿದರೂ ಅಲ್ಲಿ ತಣ್ಣಗೇ. ಒಮ್ಮೆ ಅಲ್ಲಿಗೆ ಜಾರಿದ್ದ ನನಗೆ ಅದು ಗೊತ್ತು. ಅವನಿಗೆ ಹೇಳಲು ಬಾಯಿ ಎಲ್ಲಿತ್ತು?

ತೋಟದ ಪಂಪು ನಡೆಸುವ ತಿಮ್ಮೇಶ ತಮಾಷೆಗಾರ. ಒಂದು ದಿನ ನನ್ನನ್ನು ಕದ್ದು ಟೀ ಲೋಟಕ್ಕೆ ಅದ್ದಿ, ಮೀನು ಇಲಾಖೆ ಸಾಹೇಬರ ಮೂಗಿನ ದನಿಯಲ್ಲಿ, "ಏನ್ರೀ ಮಂಚಯ್ಯ, ನಲವತ್ತು! ಮೀನು ಸಾಕ್ತೀರೋ, ಸಾರು ಮಾಡ್ತೀರೋ?" ಎಂದ. ಮಂಚಯ್ಯ ಬಟ್ಟೆ ಸಮೇತ ಮಡುವಿಗೆ ಹಾರಿದ. ನೀರು ತಂಪಾಗಿಯೇ ಇತ್ತು. ತಿಮ್ಮೇಶ ಟೀ ಲೋಟ ಎತ್ತಿ ತೋರಿಸಿ ಬಿದ್ದು ಬಿದ್ದು ನಕ್ಕ.

ಹದಿನೈದು ದಿನದಲ್ಲಿ ಮಡು ಮೊಣಕಾಲುದ್ದಕ್ಕೆ ಇಳಿಯಿತು. ಒಂದು ಮಧ್ಯಾಹ್ನ ಟೀ ತಂದ ತಿಮ್ಮೇಶ ದಾರ ಎಳೆದು ನನ್ನನ್ನು ನೋಡಿ ಬಿಳಿಚಿಕೊಂಡ.

"ಮಂಚಣ್ಣ, ಮೂವತ್ಮೂರು! ಬೇಗ ಚೀಟಿ ಬರ್ಕೊಡು. ಚೀಟಿ ಇಲ್ದೆ ಪಂಪ್ ನಿಲ್ಸಿದ್ರೆ ನನ್ ಕೆಲ್ಸ ಹೋಯ್ತದೆ."

ಮಂಚಯ್ಯ ಅದೇ ಒರತೆಯ ಕಲ್ಲಿನಿಂದ ಪಾದ ಇಳಿಬಿಟ್ಟ. "ನನ್ ಕಾಲು ಸುಳ್ಳು ಹೇಳ್ತದಾ? ಟೀ ಆರೋಯ್ತದೆ, ಕುಡಿ."

"ನಮ್ಮವ್ವನಾಣೆಗೂ ಈ ಸಲ ಟೀಗೆ ಅದ್ದಿಲ್ಲ ಕಣಣ್ಣ!"

"ಸಾಹೇಬ್ರ ದನೀಲಿ ಹೇಳು, ನಂಬ್ತೀನಿ!"

ತಿಮ್ಮೇಶನಿಗೆ ಆ ದನಿ ಹೊರಡಲಿಲ್ಲ.

ಸಂಜೆಗೆ ಮರಿಗಳು ಹೊಟ್ಟೆ ಮೇಲಾಗಿ ತೇಲಿದವು. ಈಗ ನಾನು ಮೀನು ಇಲಾಖೆ ಕಚೇರಿಯ ಕಪಾಟಿನ ಮೂಲೆಯಲ್ಲಿದ್ದೇನೆ. ಇಲ್ಲಿ ಏರುವುದಕ್ಕೂ ಇಳಿಯುವುದಕ್ಕೂ ಅರ್ಥವಿಲ್ಲ, ನೋಡುವವರಿಲ್ಲ. ಮರಿಗಳು ಸದ್ದಿಲ್ಲದೆ ಸತ್ತವು. ನನಗಿನ್ನೂ ಕೇಳುವುದು ಆ ಮಧ್ಯಾಹ್ನದ ನಗು: ತಿಮ್ಮೇಶ ಕೈಮುಗಿದು ಅಳುತ್ತ ನಿಂತಿದ್ದಾನೆ, ಮಂಚಯ್ಯ ತಣ್ಣನೆಯ ನೀರಲ್ಲಿ ಕಾಲಾಡಿಸುತ್ತ, "ಎಂಥಾ ನಟನೆ ಮಾಡ್ತಿಯೋ ಮಾರಾಯ!" ಎಂದು ಹಳ್ಳವೆಲ್ಲ ಕೇಳುವಂತೆ ನಗುತ್ತಿದ್ದಾನೆ.