ಐನೂರು ಶಲಭಗಳ ಚೆಕ್ಕರ್

2018ರ ಜನವರಿ 16ರ ಮಂಗಳವಾರ, ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರೊಳಗೆ, ಹರಿಣಾಕ್ಷಿ ಮೂವತ್ತೊಂದು ಸೇನಾ ಡ್ರೋನ್‌ಗಳ ತೋಳು ಮುರಿದಳು. ಶತ್ರುದೇಶದ ಪರವಾಗಿ ಅಲ್ಲ. ತನ್ನನ್ನು ನೇಮಿಸಿದ್ದೇ ಅದಕ್ಕೆಂದು ಅವಳು ತಿಳಿದಿದ್ದಳು.

ಘಟನೆ ನಡೆದದ್ದು ಮಲಯಾಳ ರಾಜ್ಯಕ್ಕೆ ಸೇರಿದ ಗಡಿಜಿಲ್ಲೆಯ ವಿದ್ಯಾನಗರದಲ್ಲಿ, ಕಲೆಕ್ಟರೇಟಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ತಗಡಿನ ಶೆಡ್ಡಿನಲ್ಲಿ. ಶೆಡ್ಡು ಸೂಕ್ಷ್ಮ ಉಪಕರಣಗಳ ಒಂದು ಸರಕಾರಿ ನಿಗಮದ್ದು. ನಿಗಮಕ್ಕೆ ಸಿಕ್ಕಿದ್ದ ಕೆಲಸ ‘ಶಲಭ’ ಎಂಬ ಪುಟ್ಟ ಡ್ರೋನ್ ತಯಾರಿಸುವುದು. ನಾಲ್ಕು ತೋಳು, ಪ್ರತಿ ತೋಳಿನ ತುದಿಗೆ ಒಂದು ಮೋಟಾರು, ಹೊಟ್ಟೆಯಡಿ ಒಂದು ಕ್ಯಾಮೆರಾ. ಒಟ್ಟು ಭಾರ ಎರಡು ಕಿಲೋದೊಳಗೆ. ಗುಡ್ಡದ ಆಚೆ ಯಾರಿದ್ದಾರೆಂದು ಸೈನಿಕ ಈಚೆಯಿಂದಲೇ ನೋಡಬೇಕು, ಅಷ್ಟೆ.

ಈ ಅಷ್ಟನ್ನು ಒಂದು ಕೇಂದ್ರ ಪ್ರಯೋಗಾಲಯ ಒಂಬತ್ತು ವರ್ಷ ಅಭಿವೃದ್ಧಿಪಡಿಸಿತ್ತು. ಅದರಲ್ಲಿ ಹನ್ನೊಂದು ತಿಂಗಳು ಹೆಸರಿಗೇ ಹೋಗಿತ್ತು. ಶಲಭವೆಂದರೆ ದೀಪಕ್ಕೆ ಬಿದ್ದು ಸಾಯುವ ಹುಳು ಎಂದು ಸಮಿತಿಯಲ್ಲಿ ಸಂಸ್ಕೃತ ಬಲ್ಲ ಒಬ್ಬರು ಹೇಳುವಷ್ಟರಲ್ಲಿ ಲೆಟರ್‌ಹೆಡ್ ಅಚ್ಚಾಗಿತ್ತು. ಒಂಬತ್ತನೆಯ ವರ್ಷದ ಕೊನೆಗೆ ಎರಡು ಶಲಭಗಳು ಸಿದ್ಧವಾದವು. ಒಂದು ಹಾರುತ್ತಿತ್ತು, ಇನ್ನೊಂದು ಸ್ವಾಗತ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಎರಡು ಮಾಡಲು ಒಂಬತ್ತು ವರ್ಷ ಬೇಕಾದದ್ದನ್ನು ಐನೂರು ಮಾಡಲು ಎಷ್ಟು ಬೇಕು ಎಂಬ ಲೆಕ್ಕವನ್ನು ದಿಲ್ಲಿಯಲ್ಲಿ ಯಾರೋ ಹಾಕಿದರು. ಉತ್ತರ ಮಾರ್ಚ್ 31 ಎಂದು ಬಂತು.

ಸಾಮೂಹಿಕ ಉತ್ಪಾದನೆಗೆ ಬೇಕಾದ ಯಂತ್ರಗಳು ಟೆಂಡರಿನಲ್ಲಿ ಇದ್ದುದರಿಂದ ಕೈಗಳನ್ನು ಹುಡುಕಲಾಯಿತು. ಪೈವಳಿಕೆಯ ಒಂದು ಬೀಡಿ ಬ್ರಾಂಚ್, ಅಂದರೆ ಕಟ್ಟಿದ ಬೀಡಿ ಒಪ್ಪಿಸುವ ಡಿಪೋ, ಹಿಂದಿನ ವರ್ಷವಷ್ಟೇ ಮುಚ್ಚಿತ್ತು. ಮಡಿಲಲ್ಲಿ ಮೊರದಂಥ ತಡ್ಪೆ ಇಟ್ಟುಕೊಂಡು ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಿದ್ದ ಇಪ್ಪತ್ತನಾಲ್ಕು ಹೆಂಗಸರಿಗೆ ಆರು ವಾರ ತರಬೇತಿ ಕೊಟ್ಟು ‘ತಂತ್ರಜ್ಞ ಸಹಾಯಕಿ’ಯರೆಂದು ದಿನಗೂಲಿಗೆ ತೆಗೆದುಕೊಂಡರು. ಕೈಪಿಡಿ ಇಂಗ್ಲಿಷಿನಲ್ಲಿತ್ತು, ಫಾರಂಗಳು ಮಲಯಾಳದಲ್ಲಿದ್ದವು, ಕೆಲಸದವರು ತುಳು ಮಾತಾಡುತ್ತಿದ್ದರು. ಆದ್ದರಿಂದ ಯಾರೂ ಏನನ್ನೂ ಓದುವ ಪ್ರಶ್ನೆ ಬರಲಿಲ್ಲ. ಕೆಲಸ ಚುರುಕಾಗಿ ನಡೆಯಿತು.

ಹರಿಣಾಕ್ಷಿ ಬೀಡಿ ಕಟ್ಟುವವಳಲ್ಲ, ಅದೇ ಬ್ರಾಂಚಿನ ಚೆಕ್ಕರ್. ಹತ್ತೊಂಬತ್ತು ವರ್ಷ ಆ ಮೇಜಿನ ಹಿಂದೆ ಕೂತಿದ್ದಳು. ಕಟ್ಟನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡುವುದು, ಸರಿಯಿದ್ದರೆ ಬಲಕ್ಕೆ ಇಡುವುದು, ಸರಿಯಿಲ್ಲದ ಬೀಡಿಯನ್ನು ತಂದವಳ ಕಣ್ಣೆದುರೇ ಮುರಿದು ಎಡಕ್ಕೆ ಹಾಕುವುದು. ಮುರಿಯದೆ ಬಿಟ್ಟರೆ ಅದೇ ಬೀಡಿ ನಾಳೆ ಪಕ್ಕದ ಮನೆಯವಳ ಕಟ್ಟಿನಲ್ಲಿ ಬರುತ್ತದೆ. ಇದು ಬ್ರಾಂಚಿನ ಶಾಸ್ತ್ರ.

ನಿಗಮವೂ ಅವಳನ್ನು ದಿನಗೂಲಿಯ ಮೇಲೆ ಚೆಕ್ಕರ್ ಮೇಜಿಗೇ ತಂದು ಕೂರಿಸಿತು. ಅವಳಿಗೆ ಈಗ ನಲುವತ್ತಾರು. ಬ್ರಾಂಚ್ ಮುಚ್ಚಿದ ದಿನ ಅವಳ ಹೆಸರಿನಲ್ಲಿ ಒಂದು ಚೀಟಿಯೂ ಇರಲಿಲ್ಲ. ಕಟ್ಟುವವರ ಹೆಸರು ರಿಜಿಸ್ಟರಿನಲ್ಲಿತ್ತು, ಭವಿಷ್ಯನಿಧಿ ಇತ್ತು. ಚೆಕ್ಕರ್ ಮಾಲಕರ ಕಡೆಯವಳೆಂದು ಕೆಲಸಗಾರರ ಪಟ್ಟಿಯಲ್ಲಿ ಇರಲಿಲ್ಲ, ಕೆಲಸಗಾರರ ಕಡೆಯವಳೆಂದು ಮಾಲಕರ ಪಟ್ಟಿಯಲ್ಲಿ ಇರಲಿಲ್ಲ. ಶಲಭ ಯೋಜನೆಯಲ್ಲಿ ಒಂದೇ ಒಂದು ಕಾಯಂ ಹುದ್ದೆಯಿತ್ತು: ಇನ್‌ಸ್ಪೆಕ್ಟರ್, ಗ್ರೇಡ್ ಮೂರು. ಮುಚ್ಚಿದ ಬ್ರಾಂಚಿನಿಂದ ಬಂದವರಿಗಾಗಿ ಅದರ ವಯೋಮಿತಿಯನ್ನು ಆ ಹಣಕಾಸು ವರ್ಷಕ್ಕೆ ಮಾತ್ರ ಸಡಿಲಿಸಿದ್ದರು. ಮಾರ್ಚ್ ಮುಗಿಯುವುದರೊಳಗೆ ಐನೂರನೆಯ ಡ್ರೋನ್ ಪಾಸಾದರೆ ಹುದ್ದೆ ಹರಿಣಾಕ್ಷಿಗೆ ಎಂದು ಉಪ ವ್ಯವಸ್ಥಾಪಕ ವೆಂಕಟಕೃಷ್ಣ ಮೊದಲ ದಿನವೇ ಹೇಳಿದ್ದ. ಅಗಲ್ಪಾಡಿಯವನು, ಮಾತಿಗೆ ತಪ್ಪುವವನಲ್ಲ. ತಪ್ಪುವ ಕೆಲಸಗಳನ್ನು ಮೇಲಿನವರಿಗೆ ಬಿಟ್ಟಿದ್ದ.

ಜನವರಿ 16ರಂದು ಮೊದಲ ಐವತ್ತು ಶಲಭಗಳು ಅವಳ ಮೇಜಿಗೆ ಬಂದವು. ಅವಳು ಒಂದೊಂದರ ತೋಳಿನ ಬುಡವನ್ನು ಹೆಬ್ಬೆರಳಿನಲ್ಲಿ ಒತ್ತಿದಳು. ಹತ್ತೊಂಬತ್ತನ್ನು ಬಲಕ್ಕೆ ಇಟ್ಟಳು. ಉಳಿದವುಗಳನ್ನು ಮುರಿದು ಎಡಕ್ಕೆ ಹಾಕಿದಳು.

ಮೊದಲು ಎದ್ದು ಬಂದವಳು ಪಂಕಜಾಕ್ಷಿ. ಬ್ರಾಂಚಿನ ಕಾಲದಲ್ಲೂ ಚೆಕ್ಕರ್ ಮೇಜಿನ ಎದುರು ಅತಿ ಹೆಚ್ಚು ಜಗಳ ಮಾಡಿದ ದಾಖಲೆ ಅವಳದೇ.

“ಅಲ್ಲಿಯೂ ಮುರಿದದ್ದು, ಇಲ್ಲಿಯೂ ಮುರಿಯುವುದಾ? ನನ್ನ ಕೈಯ ಕೆಲಸದ ಮೇಲೆ ನಿನಗೆ ಎಂತ ದ್ವೇಷ ಮಾರಾಯ್ತಿ?”

“ನಿನ್ನ ಕೈಯ ಕೆಲಸ ಸರಿ ಉಂಟು. ಈ ತೋಳು ಸರಿ ಇಲ್ಲ. ಇಕೋ, ನೀನೇ ಒತ್ತಿ ನೋಡು.”

ಪಂಕಜಾಕ್ಷಿ ಅದರಲ್ಲಿ ಮುರಿಯದೆ ಉಳಿದಿದ್ದ ಇನ್ನೊಂದು ತೋಳನ್ನು ಒತ್ತಿದಳು. ಬಲಗಡೆಯದೊಂದನ್ನೂ ಒತ್ತಿದಳು. ಬಲಗಡೆಯದು ಬೆರಳನ್ನು ವಾಪಸು ದೂಡಿತು. ಎಡಗಡೆಯದು ಒಮ್ಮೆ ಬಾಗಿ ಸುಮ್ಮನಾಯಿತು. ಪಂಕಜಾಕ್ಷಿ ಜಗಳ ಅರ್ಧಕ್ಕೇ ಬಿಟ್ಟು ತನ್ನ ಜಾಗಕ್ಕೆ ಹೋದಳು. ಹೀಗಾದದ್ದು ಅದೇ ಮೊದಲು.

ಅಷ್ಟರಲ್ಲಿ ವೆಂಕಟಕೃಷ್ಣ ಬಂದ.

“ಅಯ್ಯೋ ದೇವರೇ! ಎಂತ ಮಾಡಿದಿರಿ ಹರಿಣಾಕ್ಷಿ?”

“ಚೆಕ್ ಮಾಡಿದೆ ಸಾರ್.”

“ಇದು ಸರಕಾರದ ಸೊತ್ತು. ಮುರಿಯಲಿಕ್ಕೆ ಮೂರು ಜನರ ಸಮಿತಿ ಬೇಕು. ಮುರಿದದ್ದನ್ನು ಮುರಿದಿದೆ ಅಂತ ಹೇಳಲಿಕ್ಕೆ ಇನ್ನೊಂದು ಸಮಿತಿ ಬೇಕು!”

“ಹಾಗಾದರೆ ನನ್ನನ್ನು ಯಾಕೆ ಕೂರಿಸಿದ್ದು ಸಾರ್?”

“ಪಾಸ್ ಮಾಡ್ಲಿಕ್ಕೆ.”

ಕಾರಣ ತಿಳಿಯಲು ಒಂದು ವಾರ ಹಿಡಿಯಿತು. ತೋಳುಗಳನ್ನು ಎರಕ ಹೊಯ್ಯುತ್ತಿದ್ದುದು ಅತಿ ಕಡಿಮೆ ದರ ಬರೆದಿದ್ದ ಒಂದು ಸಣ್ಣ ಕಾರ್ಖಾನೆ. ಗಡುವಿನ ಆತುರದಲ್ಲಿ ಅವರು ತೋಳನ್ನು ಆರುವ ಮೊದಲೇ ಅಚ್ಚಿನಿಂದ ಕೀಳುತ್ತಿದ್ದರು. ಬುಡದೊಳಗೆ ಕೂದಲೆಳೆಯಷ್ಟು ಬಿರುಕು ಉಳಿಯುತ್ತಿತ್ತು. ಮೋಟಾರು ಐದಾರು ನಿಮಿಷ ತಿರುಗಿದರೆ ತೋಳು ಕಳಚುತ್ತಿತ್ತು. ಮುರಿದ ಮೂವತ್ತೊಂದನ್ನೂ ಮಂಗಳೂರಿಗೆ ಕಳಿಸಿ ಎಕ್ಸ್‌ರೇ ತೆಗೆಸಿದರು. ಮೂವತ್ತೊಂದರಲ್ಲೂ ಉಳಿದ ತೋಳುಗಳ ಬುಡದಲ್ಲಿ ಬಿರುಕು ಇತ್ತು. ಬಲಗಡೆಯ ಹತ್ತೊಂಬತ್ತನ್ನು ಹಾರಿಸಿದರು. ಹತ್ತೊಂಬತ್ತೂ ಇಪ್ಪತ್ತೈದು ನಿಮಿಷ ಹಾರಿ ಕೆಳಗಿಳಿದವು. ಇದನ್ನೆಲ್ಲ ಪತ್ತೆ ಮಾಡಲು ನಿಗಮದಲ್ಲೇ ಒಂದು ಪರೀಕ್ಷಾಯಂತ್ರ ಇತ್ತು. ಅದನ್ನು ಪೆಟ್ಟಿಗೆಯಿಂದ ಹೊರತೆಗೆಯಬೇಕಾದ ಎಂಜಿನಿಯರಿನ ಪ್ರಯಾಣಭತ್ಯೆ ಮಂಜೂರಾಗಿರಲಿಲ್ಲ.

ಫೆಬ್ರವರಿಯಲ್ಲಿ ಪ್ರಯೋಗಾಲಯದ ಜಂಟಿ ನಿರ್ದೇಶಕ ಡಾ. ಮಹೇಶ್ವರ ಬಂದ. ಮೂಲತಃ ಪುತ್ತೂರು ಕಡೆಯವನು. ಶಲಭಕ್ಕೆ ತನ್ನ ಒಂಬತ್ತು ವರ್ಷ ಕೊಟ್ಟವನು; ಬದಲಿಗೆ ಶಲಭ ಅವನಿಗೆ ಎರಡು ಬಡ್ತಿ ಕೊಟ್ಟಿತ್ತು. ತಪಾಸಣಾ ಫಾರಂನಲ್ಲಿ ‘ಬಳಸಿದ ಉಪಕರಣ’ ಎಂಬ ಕಾಲಂ ನೋಡಿ ಅವನು ತಡೆದ. ಅಲ್ಲಿ ‘ಹೆಬ್ಬೆರಳು’ ಎಂದಿತ್ತು. ಕಾಲಂ ಖಾಲಿ ಬಿಡಬಾರದೆಂಬ ನಿಯಮವಿದ್ದುದರಿಂದ ವೆಂಕಟಕೃಷ್ಣ ‘ತಯಾರಿಕೆಯ ವರ್ಷ’ದ ಎದುರು 1971 ಎಂದು ತುಂಬಿಸಿದ್ದ.

“ಅಮ್ಮ, ನೀವು ಎಷ್ಟು ಬಲದಲ್ಲಿ ಒತ್ತುತ್ತೀರಿ?” ಮಹೇಶ್ವರ ಕೇಳಿದ.

“ಬೇಕಾದಷ್ಟೇ ಸಾರ್.”

“ಅದನ್ನು ಬರೆಯಲಿಕ್ಕೆ ಆಗುವುದಿಲ್ಲವಲ್ಲ.”

“ಬರೆಯಲಿಕ್ಕೆ ನಾನು ಎಲ್ಲಿ ಹೇಳಿದೆ? ತೋಳಿನವರಿಗೆ ಹೇಳಿ, ಆರಿದ ಮೇಲೆ ತೆಗೆಯಲಿ ಅಂತ.”

ತೋಳಿನವರಿಗೆ ಹೇಳಬೇಕಾದರೆ ಗುತ್ತಿಗೆಯ ಷರತ್ತು ಬದಲಿಸಬೇಕಿತ್ತು. ಷರತ್ತು ಬದಲಿಸಿದರೆ ಮರುಟೆಂಡರ್, ಮರುಟೆಂಡರ್ ಎಂದರೆ ಏಳು ತಿಂಗಳು. ಹರಿಣಾಕ್ಷಿಗೆ ಹೇಳುವುದಕ್ಕೆ ಟೆಂಡರ್ ಬೇಕಿರಲಿಲ್ಲ. ಆದ್ದರಿಂದ ಅವಳಿಗೇ ಹೇಳಿದರು: ತಿರಸ್ಕರಿಸಿ, ಆದರೆ ಮುರಿಯಬೇಡಿ, ಹಿಂದಿನ ರ‍್ಯಾಕಿನಲ್ಲಿಡಿ. ಮುಂದೆ ಪರಿಶೀಲಿಸೋಣ.

ಅವಳು ಹಾಗೆಯೇ ಮಾಡಿದಳು. ಮುರಿಯುವ ಬದಲು ಬ್ಯಾಟರಿ ಮುಚ್ಚಳದ ಒಳಗೆ ಉಗುರಿನಿಂದ ಒಂದು ಗೀರು ಎಳೆದು ರ‍್ಯಾಕಿಗೆ ಸೇರಿಸತೊಡಗಿದಳು. ಮೊದಲ ಮೂವತ್ತೊಂದೂ ಅದೇ ಕಾರ್ಖಾನೆಯ ಹೊಸ ತೋಳು ತೊಟ್ಟು ಬಂದು ರ‍್ಯಾಕಿಗೇ ಹೋದವು. ಮಾರ್ಚ್ ಎರಡನೆಯ ವಾರದ ಹೊಸ ಕಂತಿನಲ್ಲಿ, ಹೊಸ ಸ್ಟಿಕ್ಕರ್ ಅಂಟಿಸಿದ ಹನ್ನೆರಡು ಶಲಭಗಳ ಮುಚ್ಚಳ ತೆಗೆದಾಗ ಅವಳದೇ ಗೀರು ಕಾಣಿಸಿತು. ಪಕ್ಕದ ಮನೆಯವಳ ಕಟ್ಟಿನಲ್ಲಿ ಬಂದ ಬೀಡಿ. ಅವಳು ಯಾರನ್ನೂ ಬೈಯಲಿಲ್ಲ. ಹನ್ನೆರಡನ್ನೂ ಮತ್ತೆ ರ‍್ಯಾಕಿನಲ್ಲಿಟ್ಟಳು.

ಆ ವರ್ಷ ಮಾರ್ಚ್ 29 ಕ್ರೈಸ್ತರ ಪೆಸಹಾ ಗುರುವಾರ, 30 ಗುಡ್ ಫ್ರೈಡೇ, ಎರಡೂ ರಜೆ. ಲಾರಿ ಹೊರಡುವುದು 31ರ ಬೆಳಿಗ್ಗೆ. ಹೀಗಾಗಿ ಮಾರ್ಚ್ ಮೂವತ್ತೊಂದು ಇಪ್ಪತ್ತೆಂಟಕ್ಕೇ ಬಂದಿತ್ತು. ಆ ಬುಧವಾರ ಮಧ್ಯಾಹ್ನ ಊಟ ಮುಗಿಸಿ ಬಂದ ವೆಂಕಟಕೃಷ್ಣ ಹರಿಣಾಕ್ಷಿಯ ಮೇಜಿನ ಮೇಲೆ ಎರಡು ಕಾಗದ ಇಟ್ಟ. ಐನೂರು ಶಲಭಗಳೂ ಅಂದಿಗೆ ಸಿದ್ಧವಾಗಿದ್ದವು. ಅವಳ ಲೆಕ್ಕದಲ್ಲಿ ಪಾಸಾದವು ನೂರ ಎಪ್ಪತ್ತಮೂರು. ರ‍್ಯಾಕಿನಲ್ಲಿ ಮುನ್ನೂರ ಇಪ್ಪತ್ತೇಳು.

“ಇದು ಐನೂರೂ ಪಾಸಾಗಿವೆ ಅಂತ ಸರ್ಟಿಫಿಕೇಟ್. ಇದು ನಿಮ್ಮ ನೇಮಕದ ಆರ್ಡರ್. ಎರಡಕ್ಕೂ ಇಲ್ಲಿ ಒಂದು ಸಹಿ, ಇಲ್ಲಿ ಒಂದು ಸಹಿ.”

ಆರ್ಡರಿನ ಮೇಲೆ ಮುದ್ರೆ ಇತ್ತು. ಮಲಯಾಳದಲ್ಲಿ ಬರೆದಿದ್ದ ತನ್ನ ಹೆಸರನ್ನು ಅವಳು ಅಕ್ಷರ ಕೂಡಿಸಿ ಓದಿದಳು. ಸರಿಯಾಗಿಯೇ ಇತ್ತು. ಮನೆಹೆಸರೂ ಇತ್ತು.

“ಇದಕ್ಕೆ ಮಾತ್ರ ಹಾಕಿದರೆ ಆಗುವುದಿಲ್ಲವಾ ಸಾರ್?”

“ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಆಗುವುದಿಲ್ಲ.”

“ಬೀಡಿ ನಂದಿದರೆ ಇನ್ನೊಂದು ಕಡ್ಡಿ ಗೀರುತ್ತಾರೆ. ಇದು ಬಿದ್ದರೆ ಆ ಹುಡುಗರು ಎಂತ ಮಾಡುವುದು?”

“ಅದನ್ನು ಸೈನ್ಯದವರು ನೋಡಿಕೊಳ್ಳುತ್ತಾರೆ.”

“ನೋಡಲಿಕ್ಕೇ ಅಲ್ವಾ ಸಾರ್ ಅವರು ಇದನ್ನು ಕೇಳಿದ್ದು? ಇದು ಬಿದ್ದರೆ ಗುಡ್ಡದ ಆಚೆ ಅವರೇ ಹೋಗಿ ನೋಡಬೇಕು.”

ವೆಂಕಟಕೃಷ್ಣ ಎರಡೂ ಕಾಗದಗಳನ್ನು ಅವಳ ಹತ್ತಿರಕ್ಕೆ ಇನ್ನಷ್ಟು ಸರಿಸಿದ. ಕೆಟ್ಟವನಲ್ಲ, ಐದು ವರ್ಷ ಸರ್ವಿಸ್ ಬಾಕಿಯಿತ್ತು. “ನೋಡಿ ಹರಿಣಾಕ್ಷಿ, ನೀವು ಹಾಕದಿದ್ದರೆ ಶನಿವಾರ ಬೆಳಿಗ್ಗೆ ಬೇರೆ ಯಾರಾದರೂ ಹಾಕುತ್ತಾರೆ. ರ‍್ಯಾಕಿನಲ್ಲಿರುವುದೂ ಲಾರಿ ಹತ್ತುತ್ತದೆ. ವ್ಯತ್ಯಾಸ ಆಗುವುದು ನಿಮಗೆ ಮಾತ್ರ. ಸೋಮವಾರದಿಂದ ನಿಮಗೆ ವಯಸ್ಸಾಗುತ್ತದೆ.”

ಹರಿಣಾಕ್ಷಿ ನೇಮಕದ ಆರ್ಡರನ್ನು ಇನ್ನೊಮ್ಮೆ ನೋಡಿದಳು. ಮಡಚದೆ, ಮೂಲೆ ಮುದುಡದ ಹಾಗೆ ಎರಡೂ ಕೈಯಲ್ಲಿ ಹಿಡಿದು ಅವನಿಗೆ ವಾಪಸು ಕೊಟ್ಟಳು. ಆಮೇಲೆ ಎದ್ದು ರ‍್ಯಾಕಿನ ಹತ್ತಿರ ಹೋಗಿ, ಮೊದಲನೆಯ ಶಲಭವನ್ನು ತೆಗೆದು, ಹೆಬ್ಬೆರಳನ್ನು ತೋಳಿನ ಬುಡಕ್ಕೆ ಕೊಟ್ಟಳು. ಟಕ್ ಎಂದಿತು. ಎರಡನೆಯದನ್ನು ತೆಗೆದಳು.

ವೆಂಕಟಕೃಷ್ಣ ಹೊರಗೆ ಓಡಿ ಕಾವಲುಗಾರ ಚನಿಯನನ್ನು ಕರೆದುಕೊಂಡು ಬಂದ. ಚನಿಯ ಬಾಗಿಲಲ್ಲಿ ನಿಂತು ಪರಿಸ್ಥಿತಿಯನ್ನು ಅಧ್ಯಯನ ಮಾಡಿದ.

“ನಿಲ್ಲಿಸು ಮಾರಾಯ ಅವರನ್ನು!”

“ಹೊರಗೆ ಕೊಂಡುಹೋದರೆ ನಾನು ಹಿಡಿಯಬೇಕು ಸಾರ್. ಒಳಗೆ ಮುರಿದರೆ ನನ್ನ ಡ್ಯೂಟಿಯಲ್ಲಿ ಇಲ್ಲ. ಬೇಕಾದರೆ ಆರ್ಡರ್ ಕೊಡಿ.”

“ನಿನಗೆ ಆರ್ಡರ್ ಕೊಡಲಿಕ್ಕೆ ನನಗೆ ಅಧಿಕಾರ ಇಲ್ಲ. ನೀನು ಏಜೆನ್ಸಿಯವನು.”

“ಅದೇ ನಾನೂ ಹೇಳುವುದು.”

ಹೆಂಗಸರು ಕೆಲಸ ನಿಲ್ಲಿಸಿ ಸುತ್ತ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಪಂಕಜಾಕ್ಷಿ ರ‍್ಯಾಕಿನಿಂದ ಒಂದೊಂದೇ ಎತ್ತಿ ಕೊಡತೊಡಗಿದಳು. “ಇದು ನಾನು ಜೋಡಿಸಿದ್ದು, ಸ್ವಲ್ಪ ಮೆಲ್ಲ ಮುರಿ” ಎಂದಳು. ಎಲ್ಲರೂ ನಕ್ಕರು. ಹರಿಣಾಕ್ಷಿ ನಗಲಿಲ್ಲ. ಎರಡೂಕಾಲು ಗಂಟೆಯಿಂದ ಐದೂವರೆಯ ತನಕ, ನಡುವೆ ಹತ್ತು ನಿಮಿಷದ ಚಹಾ ಬಿಟ್ಟರೆ, ಅವಳು ಕೂರಲೂ ಇಲ್ಲ. ಕೊನೆಗೆ ಹೆಬ್ಬೆರಳು ಊದಿಕೊಂಡಿತ್ತು. ಪಾಸಾದ ನೂರ ಎಪ್ಪತ್ತಮೂರಕ್ಕೆ ಬೇರೆ ಕಾಗದ ಬರೆಸಿ, ಅದಕ್ಕೆ ಸಹಿ ಹಾಕಿ, ಐದೂ ಮುಕ್ಕಾಲರ ಬಸ್ಸಿಗೆ ಹೋದಳು.

ಏಪ್ರಿಲಿನಲ್ಲಿ ತನಿಖೆ ನಡೆಯಿತು. ಪೊಲೀಸರಿಗೆ ದೂರು ಕೊಟ್ಟರೆ ತೋಳಿನ ವಿಷಯ ಪೊಲೀಸರಿಗೂ, ಅಲ್ಲಿಂದ ಪತ್ರಿಕೆಯವರಿಗೂ ಹೋಗುತ್ತದೆ. ಸುಮ್ಮನಿದ್ದರೆ ಮುನ್ನೂರ ಇಪ್ಪತ್ತೇಳು ಮುರಿದ ಡ್ರೋನ್‌ಗಳಿಗೆ ಲೆಕ್ಕಪತ್ರದಲ್ಲಿ ಹೆಸರಿಲ್ಲ. ಡಾ. ಮಹೇಶ್ವರ ಎರಡು ದಿನ ಕೈಪಿಡಿ ಓದಿದ. ಮೂರನೆಯ ದಿನ ಏಳನೆಯ ಅಧ್ಯಾಯದಲ್ಲಿ ‘ವಿನಾಶಕ ಪರೀಕ್ಷೆ’ ಸಿಕ್ಕಿತು: ತಯಾರಾದ ಪ್ರತಿ ನೂರರಲ್ಲಿ ಹತ್ತನ್ನು, ಅವು ಮುರಿಯುವ ತನಕ ಬಲ ಹಾಕಿ ಪರೀಕ್ಷಿಸತಕ್ಕದ್ದು. ಒಂಬತ್ತು ವರ್ಷಗಳಲ್ಲಿ ಇದನ್ನು ಒಮ್ಮೆಯೂ ಮಾಡಿರಲಿಲ್ಲ, ಮುರಿಯುವಷ್ಟು ಡ್ರೋನ್ ಇರಲಿಲ್ಲ. ವರದಿ ಬೇಗ ತಯಾರಾಯಿತು. ಐನೂರು ಶಲಭಗಳನ್ನು ಗಡುವಿನೊಳಗೆ ಉತ್ಪಾದಿಸಲಾಗಿದೆ. ಶೇಕಡಾ ಹತ್ತರ ಬದಲು ಶೇಕಡಾ 65.4ರಷ್ಟನ್ನು ವಿನಾಶಕ ಪರೀಕ್ಷೆಗೆ ಒಳಪಡಿಸಲಾಗಿದೆ. ಇಷ್ಟು ಕಟ್ಟುನಿಟ್ಟಿನ ಪರೀಕ್ಷೆ ಬೇರೆ ಯಾವ ಯೋಜನೆಯಲ್ಲೂ ನಡೆದಿಲ್ಲವೆಂದು ಇಲಾಖೆಯ ಕಾರ್ಯದರ್ಶಿ ಮೆಚ್ಚಿಕೊಂಡರು. ಗುಣಮಟ್ಟದ ಫಲಕವನ್ನು ಮಹೇಶ್ವರ ಸ್ವೀಕರಿಸಿದ. ಫೋಟೋದಲ್ಲಿ ವೆಂಕಟಕೃಷ್ಣನ ಭುಜ ಕಾಣುತ್ತದೆ.

ಪರೀಕ್ಷೆ ಇಷ್ಟು ಮಹತ್ವದ್ದೆಂದು ಗೊತ್ತಾದ ಮೇಲೆ ಅದನ್ನು ಗ್ರೇಡ್ ಮೂರರಲ್ಲಿ ಬಿಡುವಂತಿರಲಿಲ್ಲ. ಇನ್‌ಸ್ಪೆಕ್ಟರ್ ಹುದ್ದೆಯನ್ನು ‘ವಿನಾಶಕ ಪರೀಕ್ಷಾಧಿಕಾರಿ’ ಎಂದು ಮೇಲ್ದರ್ಜೆಗೆ ಏರಿಸಿದರು. ವಿದ್ಯಾರ್ಹತೆ ಬಿ.ಟೆಕ್., ವಯಸ್ಸು ಮೂವತ್ತೈದರೊಳಗೆ. ಜುಲೈಯಲ್ಲಿ ವಿಜೇತ್ ಎಂಬ ಯುವಕ ಸೇರಿದ. ಮರ್ಯಾದಸ್ಥ, ಪ್ರಾಮಾಣಿಕ. ಸೈನ್ಯ ಮತ್ತೆ ಕೇಳಿದ್ದ ಎರಡನೆಯ ಕಂತಿನ ಮೊದಲ ಪೆಟ್ಟಿಗೆ ಬಿಚ್ಚಿದ ದಿನ, ಯಾವುದನ್ನು ಮುರಿಯಬೇಕೆಂದು ಹೇಗೆ ತಿಳಿಯುವುದು ಎಂದು ಅವನು ಕೇಳಿದ. ತೋಳು ಅದೇ ಕಾರ್ಖಾನೆಯದು, ಮರುಟೆಂಡರ್ ನಡೆಯುತ್ತಿತ್ತು.

ವೆಂಕಟಕೃಷ್ಣ ಪೈವಳಿಕೆಗೆ ಫೋನ್ ಮಾಡಿದ.

“ಹರಿಣಾಕ್ಷಿ, ಹದಿನೈದು ದಿನ ಬಂದು ಹೊಸಬರಿಗೆ ಸ್ವಲ್ಪ ಕಲಿಸಿಕೊಡಬೇಕಿತ್ತು. ದಿನಗೂಲಿ ಉಂಟು.”

“ಆ ಕೆಲಸಕ್ಕೆ ಬಿ.ಟೆಕ್. ಬೇಕಂತ ಬರೆದದ್ದು ನೀವೇ ಅಲ್ವಾ ಸಾರ್?”

“ಬರೆದದ್ದು ಮೇಲಿನವರು.”

“ನಾನು ಏಳನೇ ಕ್ಲಾಸು. ಬಿ.ಟೆಕ್. ಆದವರಿಗೆ ಎಂತ ಕಲಿಸುವುದು?”

“ಆ ಒತ್ತುವುದು ಉಂಟಲ್ಲ, ಅದು…”

“ನನ್ನ ಹೆಸರಿನ ಆರ್ಡರ್ ಉಂಟಾ ಸಾರ್ ಈಗ, ಅಲ್ಲಿ?”

“ಅದನ್ನು ರದ್ದು ಮಾಡಿದ್ದಾರೆ. ಪ್ರತಿ ಫೈಲಿನಲ್ಲಿ ಉಂಟು.”

“ಹಾಗಾದರೆ ಫೈಲಿನಲ್ಲಿ ಇರುವವಳನ್ನೇ ಕರೆಯಿರಿ” ಎಂದು ಅವಳು ಫೋನ್ ಇಟ್ಟಳು.

ಎರಡನೆಯ ಕಂತಿನಲ್ಲಿ ಐನೂರು ಶಲಭಗಳು ತಯಾರಾದವು. ಐನೂರೂ ಪಾಸಾದವು.