ಹುಳ ಕೊರೆದ ದಾರಿ

ಅವಳಿಗೆ ಮನೆಯಲ್ಲಿ ಸ್ಕೇಲು ಎಂದೇ ಹೆಸರು. ಇಟ್ಟವನು ತಮ್ಮ. ಬಾಗಿಲ ಹೊರಗೆ ಚಪ್ಪಲಿಗಳು ಸೊಟ್ಟಗೆ ಬಿದ್ದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಅಡುಗೆಮನೆಯ ಡಬ್ಬಿಗಳು ಎತ್ತರದ ಪ್ರಕಾರ ನಿಲ್ಲಬೇಕು, ಚಮಚಗಳೆಲ್ಲ ಒಂದೇ ಕಡೆ ಮುಖ ಮಾಡಿರಬೇಕು. "ಇವಳನ್ನ ಕಟ್ಕೊಳ್ಳೋನು ನಿದ್ದೇಲೂ ನೆಟ್ಟಗೆ ಮಲಗಬೇಕಪ್ಪ" ಎಂದು ಅಮ್ಮ ನಗುತ್ತಿದ್ದಳು. ಇಂಥವಳಿಗೆ ತಾನು ಓದುತ್ತಿದ್ದ ವಿಶ್ವವಿದ್ಯಾಲಯದ ಆರ್ಕೈವ್ಸ್‌ನಲ್ಲಿ, ಅಂದರೆ ಹಳೆಯ ಕಾಗದ, ಫೋಟೋಗಳನ್ನು ಜೋಪಾನ ಮಾಡುವ ವಿಭಾಗದಲ್ಲಿ, ಇಂಟರ್ನ್‌ಶಿಪ್ ಸಿಕ್ಕಿದಾಗ ಮನೆಯವರೆಲ್ಲ ಒಂದೇ ಮಾತು ಅಂದರು: ಹೇಳಿ ಮಾಡಿಸಿದ ಕೆಲಸ.

ಮೊದಲ ವಾರದಲ್ಲೇ ಆ ಮಾತು ತಿರುಗಿ ಬಿತ್ತು.

ವಿಭಾಗ ನೋಡಿಕೊಳ್ಳುತ್ತಿದ್ದ ಮೇಡಂ ಅವಳ ಮುಂದೆ ಒಂದು ಉದ್ದನೆಯ ಮರದ ಪೆಟ್ಟಿಗೆ ಇಟ್ಟು, "ಮೆತ್ತಗೆ ಧೂಳು ಒರೆಸು, ಅಷ್ಟೆ" ಎಂದು ಹೇಳಿ ಮೀಟಿಂಗಿಗೆ ಹೋದರು. ಪೆಟ್ಟಿಗೆಯ ತುಂಬ ಫೋಟೋಗಳು ಒಂದರ ಹಿಂದೊಂದು ನಿಂತಿದ್ದವು. ದೊಡ್ಡದರ ಹಿಂದೆ ಚಿಕ್ಕದು, ಉದ್ದದ ಪಕ್ಕ ಅಡ್ಡ. ಸ್ಕೇಲಿನ ಕೈ ಸುಮ್ಮನಿರುತ್ತದೆಯೇ? ಒರೆಸಿದ್ದಾಯಿತು, ಜೊತೆಗೆ ಅಷ್ಟನ್ನೂ ಅಳತೆಯ ಪ್ರಕಾರ ಜೋಡಿಸಿದ್ದೂ ಆಯಿತು. ಶಭಾಷ್‌ಗಿರಿಗಾಗಿ ಕಾದು ಕೂತಳು.

ಮೇಡಂ ಬಂದು ನೋಡಿದವರೇ ಕುರ್ಚಿಗೆ ಕುಸಿದರು. "ಇದನ್ನ ಯಾಕೆ ಮಾಡಿದೆ?"

"ಚೆನ್ನಾಗಿ ಕಾಣ್ಲಿ ಅಂತ, ಮೇಡಂ."

"ಚೆನ್ನಾಗಿ ಕಾಣೋದು ಯಾರಿಗೆ ಬೇಕಮ್ಮ? ಇಲ್ಲಿಗೆ ಬಂದಿದ್ದು ಹೇಗೆ ಬಂತೋ ಹಾಗೇ ಇರ್ಬೇಕು. ನಮ್ಮ ಕೆಲಸದ ಮೊದಲನೇ ಪಾಠ ಅದು. ನಿಂಗೆ ಮೊದಲೇ ಹೇಳ್ಬೇಕಿತ್ತು, ನನ್ನದೂ ತಪ್ಪೇ."

ಆಮೇಲೆ ವಿಷಯ ಬಿಡಿಸಿ ಹೇಳಿದರು. ಪೆಟ್ಟಿಗೆ ಫೋಟೋ ಮಾಮನದು. ಹೋದ ವರ್ಷದವರೆಗೂ ವಿಶ್ವವಿದ್ಯಾಲಯದ ಫೋಟೋ ತೆಗೆಯುತ್ತಿದ್ದ ಮುದುಕ. ಯಾವ ಫೋಟೋದ ಬೆನ್ನಿಗೂ ಹೆಸರು ಬರೆದವನಲ್ಲ, ಎಲ್ಲವೂ ತಲೆಯಲ್ಲಿ. ಈಗ ಕಣ್ಣು ಪೂರಾ ಮಂಜು. ಆದರೆ ಒಂದರ ಹಿಂದೊಂದು ತಾನೇ ಇಟ್ಟ ಸಾಲು ಅವನಿಗೆ ಬಾಯಿಪಾಠ. ಬೆರಳಾಡಿಸುತ್ತಾ ಹೋದರೆ ಹೆಸರು ತಾನಾಗಿ ಬರುತ್ತದೆ. ಸೋಮವಾರ ಬಂದು ಎಲ್ಲವನ್ನೂ ಬರೆಸಲಿದ್ದಾನೆ.

"ಸಾಲು ಹೋದ್ರೆ ಅಷ್ಟು ಜನರ ಹೆಸರೂ ಹೋಯ್ತು" ಎಂದರು ಮೇಡಂ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸ್ಕೇಲಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ಮುಖ ಸಣ್ಣದು ಮಾಡಿಕೊಂಡು ಪೆಟ್ಟಿಗೆಯ ಮುಂದೆ ಕೂತಳು. ಎಲ್ಲಿಂದ ಶುರು ಮಾಡುವುದು? ಬಟ್ಟೆ ನೋಡಿದಳು, ಬಣ್ಣ ನೋಡಿದಳು, ತಲೆಬುಡ ತಿಳಿಯಲಿಲ್ಲ. ಆದರೆ ಒಂದು ವಿಷಯ ಅವಳನ್ನು ಕೆರಳಿಸುತ್ತಿತ್ತು. ಬಹುತೇಕ ಫೋಟೋಗಳ ಕೆಳಅಂಚಿನ ಹತ್ತಿರ ಹುಳ ಕೊರೆದ ಸಣ್ಣ ತೂತು. ಇದ್ದರೆ ಇರಲಿ, ಎಲ್ಲದರಲ್ಲೂ ಒಂದೇ ಜಾಗದಲ್ಲಾದರೂ ಇರಬಾರದೇ? ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ನಡುವೆ. ಥೂ, ಹುಳಕ್ಕೂ ಶಿಸ್ತಿಲ್ಲ ಎಂದು ಬೈದುಕೊಂಡಳು. ಬೈದವಳು ಹಾಗೇ ಕಣ್ಣರಳಿಸಿದಳು.

ಹುಳ ಹಾರುವುದಿಲ್ಲವಲ್ಲ! ಒಂದು ಫೋಟೋ ಕೊರೆದು ಅದರ ಹಿಂದಿನದಕ್ಕೆ ಹೋಗಬೇಕು, ಅಲ್ಲಿಂದ ಅದರ ಹಿಂದಿನದಕ್ಕೆ. ಪಕ್ಕಪಕ್ಕದ ಫೋಟೋಗಳಲ್ಲಿ ತೂತು ಹೆಚ್ಚುಕಡಿಮೆ ಒಂದೇ ಕಡೆ ಇರಲೇಬೇಕು. ಪೆಟ್ಟಿಗೆ ಎತ್ತಿ ನೋಡಿದರೆ ಅದರ ಮುಂದಿನ ಹಲಗೆಯಲ್ಲೂ ಅದೇ ತೂತು. ಪುಣ್ಯಾತ್ಮ ಒಳಗೆ ಬಂದಿದ್ದು ಅಲ್ಲಿಂದ!

ವಾರವಿಡೀ ಮೇಡಂ ಮತ್ತು ಅವಳು ದೀಪಕ್ಕೆ ಹಿಡಿದು ತೂತಿಗೆ ತೂತು ಹೊಂದಿಸಿದರು. ಸ್ಕೇಲಿನ ಹಟ ಈಗ ಕೆಲಸಕ್ಕೆ ಬಂತು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅವಳ ಕಣ್ಣಿಗೆ ಚುಚ್ಚುತ್ತಿತ್ತು. "ಸರ್ಟಿಫಿಕೇಟು ಹುಳಕ್ಕೆ ಕೊಡ್ಬೇಕು ಬಿಡು" ಎಂದರು ಮೇಡಂ, ಮೊದಲ ಸಲ ನಗುತ್ತಾ. ಕೊನೆಗೆ ಏಳೆಂಟು ಫೋಟೋ ಉಳಿದವು. ಅವುಗಳಲ್ಲಿ ತೂತೇ ಇರಲಿಲ್ಲ. ಹುಳ ಅಷ್ಟು ದೂರ ಹೋಗಿರಲಿಲ್ಲ.

ಸೋಮವಾರ ಫೋಟೋ ಮಾಮ ಗೋಡೆ ಹಿಡಿದುಕೊಂಡು ಬಂದ. ಮೊದಲ ಫೋಟೋದ ಅಂಚು ಸವರಿದ. ಸ್ಕೇಲು ಪೆನ್ಸಿಲ್ ಹಿಡಿದು ಕಾದಳು.

"ಇದು ಗಣಿತದ ಮೇಷ್ಟ್ರು. ಕೊಡೆ ಕೈಯಲ್ಲೇ ಇಟ್ಕೊಂಡು ಕೊಡೆ ಹುಡುಕ್ತಿದ್ರು" ಎಂದ.

ಫೋಟೋದಲ್ಲಿ ಕೊಡೆ ಹಿಡಿದವರೇ ಇದ್ದರು! ಅಲ್ಲಿಂದ ಮಾಮ ನಿಲ್ಲಲಿಲ್ಲ. ಹೆಸರು, ಕೆಲಸ, ಯಾರಿಗೆ ಯಾರ ಮೇಲೆ ಮನಸ್ಸಿತ್ತು, ಎಲ್ಲ ಬಂತು. ಅವಳು ಚೀಟಿಗಳ ಮೇಲೆ ಬರೆದು ಬರೆದು ಕೈ ಕೊಡವಿಕೊಂಡಳು. ಕೊನೆಯ ಏಳೆಂಟು ಬಂದಾಗ ಪೆನ್ಸಿಲ್ ಕೆಳಗಿಟ್ಟಳು.

"ಮಾಮ, ಇವುಗಳ ಸಾಲು ತಪ್ಪಿದೆ. ಪೂರ್ತಿ ಪೆಟ್ಟಿಗೆ ಕೆಡಿಸಿದ್ದು ನಾನೇ. ಉಳಿದಿದ್ದು ಹೇಗೋ ಸರಿ ಮಾಡಿದ್ವಿ, ಇವು ಆಗ್ಲಿಲ್ಲ."

ಮಾಮ ಅವುಗಳ ಅಂಚನ್ನೂ ಸವರಿದ. "ಇವು ಕೊನೇ ವರ್ಷದ್ದು ಕಣಮ್ಮ. ಆಗ್ಲೇ ಕಣ್ಣು ಹೋಗ್ತಿತ್ತು. ಗಲಾಟೆ ಕೇಳಿದ ಕಡೆ ಕ್ಯಾಮೆರಾ ತಿರುಗಿಸ್ತಿದ್ದೆ. ಯಾರಿದ್ದಾರೆ ಅಂತ ನಂಗೂ ಗೊತ್ತಿಲ್ಲ. ನೀನು ನೋಡಿ ಹೇಳು."

ಅವಳು ನೋಡಿದಳು. ನಿಜ ಹೇಳಬೇಕೆಂದರೆ ಆಗಲೇ ಮೊದಲ ಸಲ ನೋಡಿದ್ದು, ಅಲ್ಲಿಯವರೆಗೆ ಅಂಚು ಮತ್ತು ತೂತು ಬಿಟ್ಟು ಬೇರೇನೂ ಕಂಡಿರಲಿಲ್ಲ. ಇದು ಗೇಟಿನ ಕಾವಲುಗಾರ. ಇದು ಕ್ಯಾಂಟೀನಿನ ಅಕ್ಕ. ಒಂದೊಂದಾಗಿ ಹೇಳುತ್ತಾ ಹೋದಳು, ಮಾಮ ತಲೆದೂಗುತ್ತಾ ಕೇಳಿದ.

ಕೊನೆಯದು ಎಲ್ಲಕ್ಕಿಂತ ದೊಡ್ಡದು, ಫೀಸು ಕಟ್ಟುವ ಕ್ಯೂ. ನಡುವೆ ಒಬ್ಬಳು ಹುಡುಗಿ ಸೊಂಟಕ್ಕೆ ಕೈಯಿಟ್ಟು, ಬಾಯಿ ತೆರೆದು, ಸಾಲು ಬಿಟ್ಟು ನಿಂತ ಹುಡುಗನಿಗೆ ಬೆರಳು ತೋರಿಸುತ್ತಿದ್ದಾಳೆ. ಸ್ಕೇಲು ಕಣ್ಣು ಕಣ್ಣು ಬಿಟ್ಟಳು.

"ಯಾರಮ್ಮ?" ಎಂದ ಮಾಮ.

"ನಾನು."

"ಏನ್ ಮಾಡ್ತಿದ್ದೀಯ?"

"ಸಾಲು ಸರಿ ಮಾಡ್ತಿದ್ದೀನಿ, ಮಾಮ."

ಮೇಡಂ ಬಾಯಿಗೆ ಸೆರಗು ಅಡ್ಡ ಹಿಡಿದರು. ಮಾಮ ಮೇಜು ಬಡಿದು ನಕ್ಕ. ಸ್ಕೇಲಿಗೆ ನಾಚಿಕೆಯೂ ಆಯಿತು, ಎದೆ ತುಂಬಿಯೂ ಬಂತು. ಅಷ್ಟು ಜನರ ಹೆಸರು ಬರೆದ ಕೈಯಿಂದಲೇ ತನ್ನ ಹೆಸರನ್ನೂ ಚೀಟಿಯ ಮೇಲೆ ಬರೆದು, ಆ ಫೋಟೋವನ್ನು ಎಲ್ಲಕ್ಕಿಂತ ಹಿಂದೆ ನಿಲ್ಲಿಸಿದಳು. ಅದು ಮುಂದಿನದಕ್ಕಿಂತ ಎರಡು ಬೆರಳು ಮೇಲೆ ಎದ್ದು ನಿಂತಿತ್ತು. ಅವಳು ಅದನ್ನು ಹಾಗೇ ಬಿಟ್ಟು ಮುಚ್ಚಳ ಹಾಕಿದಳು.